ಚಪ್ಪಲಿ ಹಾಕಿಕೊಂಡು ಹೇಳುವ ಮಾತು

ಆಗ ನನಗೆ ಐವತ್ತಾರು. ಇಪ್ಪತ್ತೈದು ವರ್ಷದ ಮೇಲಾಯ್ತು.

ಹೋದ ವಾರ ತೇನಿ ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ಒಂದು ಪೋಸ್ಟರ್ ನೋಡಿದೆ. ಮೇಲೆ ‘ಕಣ್ಣೀರ್ ಅಂಜಲಿ’ ಅಂತ ದಪ್ಪ ಎಳುತ್ತು, ಅಂದರೆ ಅಕ್ಷರ, ಕೆಳಗೆ ಒಂದು ಹೆಂಗಸಿನ ಪಟ, ಸುತ್ತ ಹೂವು. ನಾನು ತಮಿಳು ಎಳುತ್ತನ್ನ ಒಂದೊಂದಾಗಿ ಕೂಡಿಸಿ ಓದುವವಳು. ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೋಯ್ತು. ‘ನಗುಮೊಗದ ನಮ್ಮ ಟೀಚರ್’ ಅಂತ ಹಾಕಿದ್ದರು. ಅಲ್ಲಿಗೇ ನನಗೆ ಸಂದೇಹ ಬಂತು. ಆಯಮ್ಮ ನಕ್ಕಿದ್ದನ್ನ ನಾನು ನೋಡಿದ್ದು ಒಂದೇ ಸಲ. ಪಟವೂ ಬೇರೆ ಯಾರದ್ದೋ ಇದ್ದ ಹಾಗಿತ್ತು. ಈಗ ಕಂಪ್ಯೂಟರಲ್ಲಿ ಯಾರ ಮೂಗನ್ನ ಯಾರಿಗೆ ಬೇಕಾದರೂ ಹಚ್ಚುತ್ತಾರೆ. ಪಕ್ಕದ ಹೂವಿನವಳನ್ನ ಕೇಳಿದೆ. “ಹೌದು ಪಾಟೀ, ಟೈಪ್ ಟೀಚರೇ. ಹೋಗಿಬಿಟ್ಟರು” ಅಂದಳು. ಪಾಟಿ ಅಂದರೆ ಅಜ್ಜಿ. ಆಚೆ ಕಡೆ ಬಾಳೆಹಣ್ಣಿನವನನ್ನೂ ಕೇಳಿದೆ. ಅವನೂ ಹೌದು ಅಂದಮೇಲೆ ನಂಬಿದೆ.

ಎರಡು ಬಾಯಲ್ಲಿ ಕೇಳದೆ ಯಾವುದನ್ನೂ ನಂಬಬೇಡ ಅನ್ನುವುದು ಆಯಮ್ಮನ ಮಾತೇ. ಆಯಮ್ಮ ಸತ್ತ ಸುದ್ದಿಗೂ ಅದನ್ನೇ ಮಾಡಿದೆ.

ನಮ್ಮ ಊರು ಓಡೈಪಟ್ಟಿ. ಮನೆ ಒಳಗೆ ಕನ್ನಡ, ಬೀದಿಗೆ ಇಳಿದರೆ ತಮಿಳು. ಕನ್ನಡ ಎಳುತ್ತು ನಮ್ಮಲ್ಲಿ ಯಾರಿಗೂ ಬರದು, ಬಾಯಿ ಮಾತು ಅಷ್ಟೇ. ನಾನು ಹೇಳುತ್ತೇನೆ, ಮೊಮ್ಮಗಳು ಬರೆಯುತ್ತಾಳೆ. ಅವಳು ಕನ್ನಡ ದೇಶದಲ್ಲಿ ಓದಿದವಳು. ನಿನ್ನ ಕೈಯಿಂದ ಏನೂ ಸೇರಿಸಬೇಡ ಅಂದಿದ್ದೇನೆ. ಬರೆದದ್ದನ್ನ ತಿರುಗಿ ಓದಿಸಿ ಕೇಳುತ್ತಿದ್ದೇನೆ. “ಅಜ್ಜೀ, ನನ್ನ ಮೇಲೂ ನಂಬಿಕೆ ಇಲ್ಲವಾ?” ಅಂತಾಳೆ. ಇಲ್ಲ.

ಇವಳ ತಾಯಿ, ನನ್ನ ಒಬ್ಬಳೇ ಮಗಳು, ಆ ಟೀಚರ ಹತ್ತಿರ ಟೈಪ್ ಕಲಿಯಲು ಹೋಗುತ್ತಿದ್ದಳು. ಕಲಿತು ಮುಗಿಸುವ ಮೊದಲೇ ಬೇರೆ ಜಾತಿಯ ಹುಡುಗನ ಜೊತೆ ಹೊರಟುಹೋದಳು. ನನ್ನ ಗಂಡ ಆಗ ಇರಲಿಲ್ಲ. ಮನೆಗೆ ಯಜಮಾನ ಅಂದರೆ ಗಂಡನ ಅಣ್ಣ, ನನ್ನ ಭಾವ. ಆತ ದ್ರಾಕ್ಷಿ ಪಂದಲಿನ ಕೆಳಗೆ ಪಂಗಾಳಿಗಳನ್ನೆಲ್ಲ, ಅಂದರೆ ದಾಯಾದಿಗಳನ್ನೆಲ್ಲ, ನಿಲ್ಲಿಸಿಕೊಂಡು ಹೇಳಿದರು: “ಎಲ್ಲಿದ್ದರೂ ಎಳಕೊಂಡು ಬರ್ತೀನಿ. ಬರಲಿಲ್ಲ ಅಂದ್ರೆ ಇಬ್ಬರನ್ನೂ ಅಲ್ಲೇ ಮುಗಿಸಿ ಬರ್ತೀನಿ.” ಭಾವ ಸುಮ್ಮನೆ ಬಾಯಿ ಬಿಡುವ ಆಳಲ್ಲ. ಊರು ಯಾವುದು ಅಂತ ಗೊತ್ತಾದರೆ ಸಾಕಿತ್ತು, ಮಾರನೇ ದಿನ ಗಾಡಿ ಹೊರಡುತ್ತಿತ್ತು.

ಮಗಳಿಗೂ ಇದು ಗೊತ್ತಿತ್ತು. ಹೋಗುವ ಮುಂಚೆ ಒಂದು ಮಧ್ಯಾಹ್ನ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು, ಬಾಗಿಲಿಗೆ ಕೋಲ ಹಾಕುವ ಬಿಳಿ ಪುಡಿಯಲ್ಲಿ ನೆಲದ ಮೇಲೆ ಸಾಲು ಸಾಲಾಗಿ ಚುಕ್ಕಿ ಇಟ್ಟಳು.

“ಅಮ್ಮಾ, ಇದು ಟೈಪ್ ಹಲಗೆ. ಮೊದಲು ಇಲ್ಲಿ ಒತ್ತು. ಆಮೇಲೆ ಇಲ್ಲಿ. ಆಮೇಲೆ ಈ ಮೂಲೆ.”

“ಏನೇ ಇದು, ಹಗಲಲ್ಲಿ ಕೋಲ?”

“ನಮ್ಮ ಮನೆ ಸಾಮಿ ಹೆಸರು, ಇಂಗ್ಲಿಷಲ್ಲಿ. ತೇನಿಯಲ್ಲಿ ಕಂಪ್ಯೂಟರ್ ಒಳಗೆ ನಿನಗೊಂದು ಪೆಟ್ಟಿಗೆ ಮಾಡಿದ್ದೀನಿ. ನನ್ನ ಕಾಗದ ಅದರೊಳಗೆ ಬರ್ತದೆ. ಪೆಟ್ಟಿಗೆಗೆ ನಿನ್ನ ಹೆಸರೇ ಇಟ್ಟಿದ್ದೀನಿ, ಅದು ಯಾರಿಗೆ ಗೊತ್ತಾದರೂ ಪರವಾಗಿಲ್ಲ. ಇದು ಬೀಗದ ಕೈ. ಇದನ್ನ ಯಾರಿಗೂ ಹೇಳಬೇಡ.”

ಬೆರಳಿಗೆ ದಾರಿ ಗೊತ್ತಾಗುವವರೆಗೂ ಒತ್ತಿಸಿದಳು. ಆಮೇಲೆ ಸಗಣಿ ನೀರು ಹಾಕಿ ಸಾರಿಸಿಬಿಟ್ಟಳು. ನನಗೆ ಯಾಕೆ ಕಾಗದ, ನೀನು ಮನೆಯಲ್ಲೇ ಇದ್ದೀಯಲ್ಲ ಅಂತ ಕೇಳಲು ನನಗೆ ತೋಚಲಿಲ್ಲ. ಎರಡು ದಿನ ಕಳೆದು ಅವಳು ಹೋದಮೇಲೆ ಕೇಳಬೇಕಾದ ಅಗತ್ಯವೇ ಉಳಿಯಲಿಲ್ಲ.

ಊರಿಗೆ ಬರುವ ಕಾಗದವನ್ನೆಲ್ಲ ಪೋಸ್ಟ್‌ಮ್ಯಾನ್ ಭಾವನ ಕೈಗೇ ಕೊಡುವುದು. ಫೋನ್ ಬೂತಿನವನು ಕಿವಿ ಬಿಚ್ಚಿಟ್ಟು ಕೂತಿರುವವನು. ಉಳಿದದ್ದು ತೇನಿ ಪೆಟ್ಟಿಗೆ ಒಂದೇ. ಸಂತೆ ನೆಪ ಹೇಳಿ ಹೋದೆ.

ಆಗ ನಾನು ಕಂಡ ಹಾಗೆ ಎರಡು ಕಡೆ ಅದನ್ನ ನೋಡಬಹುದಿತ್ತು. ಒಂದು ಹೊಸದು. ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ, ಬಾಯಿ ತುಂಬ ನಗುವ ಯಜಮಾನ. “ಬನ್ನಿ ಪಾಟೀ, ಕೂತ್ಕೊಳ್ಳಿ ಪಾಟೀ, ಜ್ಯೂಸ್ ತರಿಸ್ಲಾ?” ಪೆಟ್ಟಿಗೆ ಹೆಸರು ಕೇಳಿದ, ಹೇಳಿದೆ. ಆಮೇಲೆ ಬೀಗದ ಕೈಯನ್ನೂ ಕೇಳಿದ.

“ಪಾಸ್‌ವರ್ಡ್ ಹೇಳಿಬಿಡಿ ಪಾಟೀ. ನಾನೇ ಇಟ್ಕೊಂಡಿರ್ತೀನಿ. ವಯಸ್ಸಾದವರು, ಮರೆತುಹೋಗ್ತದೆ. ಕಂಬಂ ಊರಿನವರೆಗೂ ಎಲ್ಲರದ್ದೂ ನನ್ನ ಹತ್ತಿರವೇ ಇರೋದು.”

“ಎಲ್ಲರದ್ದೂನಾ?”

“ಎಲ್ಲರದ್ದೂ!” ಅಂತ ಎದೆ ತಟ್ಟಿಕೊಂಡ.

ಎದ್ದು ಬಂದೆ. ಮಾತಾಡುತ್ತಾ ತೂಗುವವನ ತಕ್ಕಡಿಗೆ ದ್ರಾಕ್ಷಿ ಹಾಕಬೇಡ ಅಂತ ನನ್ನ ಗಂಡ ಹೇಳುತ್ತಿದ್ದರು. ಊರವರದ್ದೆಲ್ಲ ತನ್ನ ಹತ್ತಿರ ಇದೆ ಅಂತ ನನಗೆ ಹೇಳಿದವನು, ನನ್ನದು ತನ್ನ ಹತ್ತಿರ ಇದೆ ಅಂತ ಊರಿಗೆ ಹೇಳದೆ ಇರುತ್ತಾನಾ?

ಇನ್ನೊಂದು, ಬೀದಿಯ ಆಚೆ ಮಹಡಿ ಮೇಲಿದ್ದ ಈ ಟೀಚರ ಟೈಪ್ ಸ್ಕೂಲು. ಸಾಲು ಮೇಜು, ಸಾಲು ಮೆಷಿನ್ನು, ಮೂಲೆಯಲ್ಲಿ ಹಳೇ ಸೀರೆ ಹೊಲಿದು ಮುಚ್ಚಿದ ಒಂದು ಕಂಪ್ಯೂಟರ್. ಟೀಚರ್ ಒಣಗಿದ ನುಗ್ಗೆ ಕಡ್ಡಿಯ ಹಾಗೆ ಉದ್ದಕ್ಕಿದ್ದಳು. ಕೂದಲು ಎಳೆದು ಕಟ್ಟಿದ್ದರಿಂದ ಹುಬ್ಬು ಮೇಲೆ ಹೋಗಿತ್ತು. ಕೈಯಲ್ಲಿ ಅಡಿಕೋಲು. ಕೂರು ಅನ್ನಲಿಲ್ಲ.

“ಏನ್ ಬೇಕು?”

“ಕಾಗದ ನೋಡಬೇಕು.”

“ಪಾಸ್‌ವರ್ಡ್ ಇದೆಯಾ?”

“ಇದೆ. ಅದು…”

“ಹೇಳಬೇಡ!” ಅಂತ ಅಡಿಕೋಲಲ್ಲಿ ಮೇಜು ಹೊಡೆದಳು.

“ಮರೆತರೆ?”

“ಮರೆತರೆ ಹೋಯ್ತು. ನನ್ನ ಹತ್ತಿರ ಬಂದು ಅಳಬೇಡ.”

ಇವಳೇ ಸರಿ ಅಂತ ಆರಿಸಿಕೊಂಡೆ. ಆರಿಸಿಕೊಳ್ಳುವುದು ಬೇರೆ, ನಂಬುವುದು ಬೇರೆ. ನನ್ನ ಮಗಳು ಪೆಟ್ಟಿಗೆ ಮಾಡಿದ್ದು ಇದೇ ಮೂಲೆಯಲ್ಲಿ ಇರಬೇಕು. ಹಾಗಾದರೆ ಅವಳನ್ನ ಓಡಿಸಿದ್ದರಲ್ಲೂ ಇವಳ ಕೈ ಇದ್ದೇ ಇದೆ ಅಂತ ನನ್ನ ಲೆಕ್ಕ. ಒಂದು ಸಲ ನೇರವಾಗಿ ಕೇಳಿದೆ. “ನಾನು ಟೈಪ್ ಕಲಿಸ್ತೀನಿ, ಓಡೋದಲ್ಲ” ಅಂದಳು. ಇವತ್ತಿಗೂ ನಿಜ ಏನು ಅಂತ ನನಗೆ ಗೊತ್ತಿಲ್ಲ. ಮಗಳನ್ನ ಕೇಳಿದರೂ ಹೇಳುವುದಿಲ್ಲ.

ಕಂಪ್ಯೂಟರ್ ಫೋನ್ ತಂತಿ ಹಿಡಿಯುವಾಗ ಕೋಳಿ ಕತ್ತು ಹಿಸುಕಿದ ಹಾಗೆ ಕೂಗುತ್ತಿತ್ತು. ಕೂಗು ನಿಂತ ಮೇಲೆ ಟೀಚರ್ ಪೆಟ್ಟಿಗೆ ಹೆಸರು ಹೊಡೆದು, ಎದ್ದು, ಗೋಡೆ ಕಡೆ ತಿರುಗಿ ನಿಂತಳು. ನಾನು ಆ ಗೋಡೆಯನ್ನ ನೋಡಿದೆ. ಒಂದು ಸಾಮಿ ಪಟ ಇತ್ತು. ಅದರ ಗಾಜಲ್ಲಿ ನನ್ನ ಕೈ ಕಾಣುತ್ತಿತ್ತು.

“ಆ ಪಟ ತಿರುಗಿಸಿ” ಅಂದೆ.

ಪಟ ನೋಡಿದಳು, ನನ್ನನ್ನ ನೋಡಿದಳು, ಮೊಳೆಯ ಮೇಲೇ ಹಿಂದುಮುಂದಾಗಿ ತಿರುಗಿಸಿ ಹಾಕಿದಳು. ಆಮೇಲೆ ನಾನು ಹೋದಾಗಲೆಲ್ಲ ಆ ಸಾಮಿ ಗೋಡೆಗೇ ಮುಖ ಮಾಡಿಕೊಂಡಿತ್ತು.

ಅದಾದ ಮೇಲೆ ನಾನು ಚೀಲದಿಂದ ಗಂಡನ ಹಳೇ ತುಂಡು, ಅಂದರೆ ಹೆಗಲ ಟವೆಲ್ಲು, ತೆಗೆದು ಹಲಗೆ ಮೇಲೂ ಕೈ ಮೇಲೂ ಹೊದೆಸಿದೆ. ದನದ ಸಂತೆಯಲ್ಲಿ ತರಗಿನವರು, ಅಂದರೆ ದಲ್ಲಾಳಿಗಳು, ತುಂಡಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಾರಲ್ಲ, ಪಕ್ಕದಲ್ಲಿ ನಿಂತವನಿಗೆ ಏನೂ ತಿಳಿಯದ ಹಾಗೆ, ಅದೇ ರೀತಿ. ಆಗಲೇ ಆಯಮ್ಮ ನಕ್ಕಿದ್ದು. ನಗು ಅಂದರೆ ಮೂಗಲ್ಲಿ ಒಂದು ಸದ್ದು.

“ಅಕ್ಕಾ, ನೋಡದೆ ಟೈಪ್ ಮಾಡೋದನ್ನ ಕಲಿಸೋದೇ ನನ್ನ ಹೊಟ್ಟೆಪಾಡು. ಹುಡುಗೀರು ಒಂದು ವರ್ಷ ಒದ್ದಾಡ್ತಾರೆ. ನೀನು ತುಂಡು ಹೊತ್ತುಕೊಂಡು ಬಂದೆ.”

ಅಷ್ಟರಲ್ಲಿ ಹಿಂದೆ ಮೆಷಿನ್ ಒತ್ತುತ್ತಿದ್ದ ಒಬ್ಬಳಿಗೆ, ತಿರುಗಿ ಕೂಡ ನೋಡದೆ, “ಕಿಟಕಿ ಪಕ್ಕದ ಮೇಜು, ಕಿರುಬೆರಳು ಸೋಮಾರಿ!” ಅಂದಳು. ಸದ್ದಲ್ಲೇ ಬೆರಳು ಕಂಡುಹಿಡಿಯುವವಳು ಗೋಡೆ ಕಡೆ ತಿರುಗಿದರೆಷ್ಟು, ಬಿಟ್ಟರೆಷ್ಟು? ಇವಳ ಕಣ್ಣು ಕಿವಿಯಲ್ಲಿದೆ. ಹಾಗೇ ಮುಖಕ್ಕೆ ಹೇಳಿದೆ. ಬೇರೆ ಯಾರಾದರೂ ಆಗಿದ್ದರೆ ಜಗಳ ಆಗುತ್ತಿತ್ತು. ಇವಳು ಯೋಚನೆ ಮಾಡಿದಳು.

“ಸರಿಯಾದ ಮಾತು” ಅಂದಳು. ಕ್ಲಾಸಿನ ಕಡೆ ತಿರುಗಿ, “ಎಲ್ಲಾರೂ ಹೊಡೀರಿ!” ಅಂದಳು.

ಅಷ್ಟು ಮೆಷಿನ್ನೂ ಒಟ್ಟಿಗೆ ಬಡಿದುಕೊಂಡವು. ತಗಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ. ಆ ಸದ್ದಿನ ಮಧ್ಯೆ ನಾನು ತುಂಡಿನ ಕೆಳಗೆ ಸಾಮಿ ಹೆಸರು ಒತ್ತಿದೆ. ಅಂದಿನಿಂದ ಅದೇ ವಾಡಿಕೆ ಆಯ್ತು. ಯಾರು ಪಾಸ್‌ವರ್ಡ್ ಹಾಕಲು ಕೂತರೂ ಟೀಚರ್ ಗೋಡೆ ಕಡೆ, ಹುಡುಗೀರು ಮೆಷಿನ್ ಕಡೆ.

ಕಾಗದ ಬಂದಿತ್ತು. ನಮ್ಮ ಮನೆಮಾತನ್ನೇ ಇಂಗ್ಲಿಷ್ ಎಳುತ್ತಲ್ಲಿ ಬರೆದಿದ್ದಳು. ನನಗೆ ಓದಲು ಬರದು. ಟೀಚರ್ ತಮಿಳವಳು. ಅರ್ಥ ಆಗದೆ, ಎಳುತ್ತು ಹೇಗಿದೆಯೋ ಹಾಗೆ ಮೆಲ್ಲಗೆ ಓದುತ್ತಿದ್ದಳು, ಗಿಣಿಯ ಹಾಗೆ. ಕೇಳಿ ನಾನು ಅರ್ಥ ಮಾಡಿಕೊಳ್ಳುತ್ತಿದ್ದೆ. ಕೊಳ್ಳೇಗಾಲ ಅನ್ನುವ ಊರು. ರೇಷ್ಮೆ ನೂಲು ತೆಗೆಯುವ ಕಡೆ ಗಂಡನಿಗೆ ಕೆಲಸ. ‘ಇಲ್ಲಿಯವರು ನನ್ನ ಕನ್ನಡ ಕೇಳಿ ನಗ್ತಾರೆ ಅಮ್ಮಾ. ಯಾವ ಕಾಲದ ಮಾತು ಅಂತಾರೆ.’ ಬಸುರಿ ಅಂತಲೂ ಬರೆದಿದ್ದಳು. ಟೀಚರ ಮುಖದಲ್ಲಿ ಏನೂ ಇಲ್ಲ, ಅಳತೆಪಟ್ಟಿ ಓದಿದ ಹಾಗೆ ಓದಿದಳು.

ನಿಜಕ್ಕೂ ಇವಳಿಗೆ ಅರ್ಥ ಆಗುವುದಿಲ್ಲವಾ? ತೇನಿ ಸುತ್ತ ಕನ್ನಡದವರು ಕಮ್ಮಿ ಇಲ್ಲ, ಕಿವಿ ಮೇಲೆ ಬೀಳುತ್ತಲೇ ಇರುತ್ತದೆ. ಊರ ಹೆಸರು ಗೊತ್ತಾದರೆ ಎಲ್ಲವೂ ಗೊತ್ತಾದ ಹಾಗೆ. ಪರೀಕ್ಷೆ ಮಾಡಬೇಕು ಅನ್ನಿಸಿತು. ಅವಳು ಓದುತ್ತಾ ಇದ್ದಾಗ ನಾನು ನಮ್ಮ ಮಾತಲ್ಲೇ, ಗಾಬರಿ ಆದವಳ ಹಾಗೆ, “ಅಯ್ಯೋ, ನಿನ್ನ ಕುರ್ಚಿ ಕೆಳಗೆ ಹಾವು!” ಅಂದೆ.

ಕಾಲು ಕೂಡ ಅಲ್ಲಾಡಿಸಲಿಲ್ಲ. “ಏನಂದೆ?” ಅಂತ ತಮಿಳಲ್ಲಿ ಕೇಳಿ ಓದು ಮುಂದುವರಿಸಿದಳು.

ಅರ್ಧ ಸಮಾಧಾನ ಆಯ್ತು. ಹಾವಿಗೂ ಹೆದರದ ಹೆಂಗಸು ಇರಬಹುದು ಅಂತ ಉಳಿದರ್ಧ ಹಾಗೇ ಇಟ್ಟುಕೊಂಡೆ.

ಒಂದು ಸಂತೆ ದಿನ ನಾನು ಕೂತು ತುಂಡು ಬಿಚ್ಚುವಾಗ ಆಯಮ್ಮ ಗೋಡೆ ಕಡೆ ತಿರುಗಲಿಲ್ಲ. ನನ್ನ ಕಾಲು ನೋಡುತ್ತಾ ನಿಂತಳು.

“ಅಕ್ಕಾ, ನಿನ್ನ ಪಾಸ್‌ವರ್ಡ್ ನನಗೆ ಗೊತ್ತಾಯ್ತು.”

“ಕಳ್ಳೀ, ಎಲ್ಲಿಂದ ನೋಡಿದೆ?”

“ಚಪ್ಪಲಿ ಎಲ್ಲಿ?”

ಮೇಜಿನ ಕೆಳಗೆ ಪಕ್ಕಕ್ಕೆ ಬಿಟ್ಟಿದ್ದೆ. ಸಾಮಿ ಹೆಸರು ಒತ್ತುವಾಗ ಕಾಲಲ್ಲಿ ಚಪ್ಪಲಿ ಇರಬಹುದಾ? ಬಿಟ್ಟೇ ಒತ್ತುತ್ತಿದ್ದೆ. ಒತ್ತಿದ ಮೇಲೆ ಬೆರಳು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ ಕೂಡ.

“ನಿಮ್ಮ ಜನ ಯಾರೇ ಬರಲಿ” ಅಂದಳು, “ಚಿನ್ನಮನೂರಿನವರು, ಕಂಬದವರು, ಎಲ್ಲರೂ ಪಾಸ್‌ವರ್ಡ್ ಹಾಕೋ ಮುಂಚೆ ಚಪ್ಪಲಿ ಬಿಡ್ತಾರೆ. ಬೀಗದ ಕೈ ಎಲ್ಲಿದೆ ಅಂತ ಬಾಗಿಲಲ್ಲಿ ಬೋರ್ಡ್ ಹಾಕಿದ ಹಾಗೆ. ಯಾವ ಮನೆಗೆ ಯಾವ ಸಾಮಿ ಅಂತ ನಿಮ್ಮವರಿಗೆಲ್ಲ ಗೊತ್ತು ತಾನೆ? ನಿನ್ನ ಭಾವನಿಗೆ ಗೊತ್ತಿಲ್ಲವಾ?”

ಭಾವನಿಗೆ ಯಾಕೆ ಗೊತ್ತಿರುವುದಿಲ್ಲ, ಆ ಸಾಮಿಗೆ ಪೂಜೆ ಮಾಡುವವರೇ ಅವರು.

“ಇವತ್ತೇ ಬದಲಾಯಿಸು. ಚಪ್ಪಲಿ ಹಾಕಿಕೊಂಡು ಹೇಳೋ ಮಾತು ಯಾವುದಾದರೂ ಹಾಕು.”

ಬದಲಾಯಿಸಬೇಕು ಅಂದರೆ ನನಗೆ ಆ ಹಲಗೆಯಲ್ಲಿ ಗೊತ್ತಿದ್ದದ್ದು ಸಾಮಿ ಹೆಸರಿನ ದಾರಿ ಒಂದೇ. “ಈ ‘ಮ’ ಎಲ್ಲಿದೆ ತೋರಿಸು” ಅಂದೆ. ಅಡಿಕೋಲು ಮೇಜಿಗೆ ಬಿತ್ತು.

“ಬೇಕಾದ್ದನ್ನ ಮಾತ್ರ ಕೇಳಬೇಡ! ಕೇಳಿದರೆ ನನಗೆ ಗೊತ್ತಾಗ್ತದೆ. ಎಲ್ಲಾ ಕಲಿ. ಅದರಲ್ಲಿ ನಿನಗೆ ಯಾವುದು ಬೇಕಿತ್ತು ಅಂತ ನನಗೂ ತಿಳೀಬಾರದು.”

ಅವತ್ತು ಮಧ್ಯಾಹ್ನದ ಬಸ್ಸು ಬಿಟ್ಟೆ, ಸಾಯಂಕಾಲದ್ದೂ ಬಿಡುವ ಹಾಗಾಯ್ತು. ಒಂದೊಂದು ಗುಂಡಿಗೂ ಒಂದೊಂದು ಸದ್ದು, ತಮಿಳಲ್ಲಿ ಹೇಳಿ ಹೇಳಿ ಒತ್ತಿಸಿದಳು. ತಪ್ಪಿದರೆ ಬೆರಳ ಮೇಲೆ ಅಡಿಕೋಲು. ಹುಡುಗೀರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. “ಟೀಚರ್, ಪಾಟಿಯನ್ನ ಪರೀಕ್ಷೆಗೆ ಕೂರಿಸಿ!” “ಬಾಯಿ ಮುಚ್ಚು, ನಿನ್ನ ಬೆರಳಿಗಿಂತ ಪಾಟಿಯ ಬೆರಳು ವಾಸಿ.” ದ್ರಾಕ್ಷಿ ಗೊನೆ ಕತ್ತರಿಸುವ ಬೆರಳು, ಗಟ್ಟಿಯಾಗಿಯೇ ಇತ್ತು.

ಎಲ್ಲಾ ಬಂದಮೇಲೆ ಆಯಮ್ಮ ಗೋಡೆಗೆ ತಿರುಗಿದಳು. “ಎಲ್ಲಾರೂ ಹೊಡೀರಿ!”

ನಾನು ಚಪ್ಪಲಿ ಹಾಕಿಕೊಂಡೆ. ಏನು ಒತ್ತುವುದು ಅಂತ ಯೋಚಿಸಬೇಕಾಗಿ ಬರಲಿಲ್ಲ. ಭಾವನ ಬಗ್ಗೆ, ಮದುವೆಯಾಗಿ ಬಂದ ದಿನದಿಂದ, ಒಲೆ ಮುಂದೆ ಕೂತು ಹೊಗೆಗೆ ಮಾತ್ರ ಹೇಳಿಕೊಂಡು ಬಂದ ಒಂದು ಬೈಗುಳ ಇತ್ತು. ನಮ್ಮ ಮಾತಲ್ಲಿ ಬಹಳ ಹಳೆಯದು, ಬಹಳ ಕೆಟ್ಟದ್ದು. ಅದನ್ನೇ ಒತ್ತಿದೆ. ಮೊಮ್ಮಗಳು ಯಾವುದು ಅಂತ ಕೇಳುತ್ತಾಳೆ. ಹೇಳುವುದಿಲ್ಲ.

ಎಲ್ಲಾ ಗುಂಡಿ ಗೊತ್ತಾದದ್ದರಿಂದ ಇನ್ನೊಂದು ಆಯ್ತು. ಮಗಳ ಕಾಗದವನ್ನ ನಾನೇ ಕೂಡಿಸಿ ಓದಲು ಶುರು ಮಾಡಿದೆ. ಟೀಚರಿಗೆ “ನೀನಿನ್ನು ಹೋಗು” ಅಂದೆ. “ಹೋಗ್ತೀನಿ” ಅಂತ ಹೋದಳು. ಬೇಜಾರಾಗಲಿಲ್ಲ. ತನ್ನನ್ನ ಬೇಡ ಅಂದರೆ ಸಂತೋಷಪಡುವ ಹೆಂಗಸನ್ನ ನಾನು ಅವಳೊಬ್ಬಳನ್ನೇ ನೋಡಿದ್ದು.

ಇಷ್ಟಾದರೂ ಸುದ್ದಿ ಹೋಗದೆ ಇರುತ್ತದಾ? ಗಾಜಿನ ಬಾಗಿಲಿನವನು ಭಾವನ ಹತ್ತಿರ ಯಾವುದೋ ಮಾತಿಗೆ, ನಿಮ್ಮ ಮನೆ ಪಾಟಿ ಬಂದಿದ್ದರು, ಪೆಟ್ಟಿಗೆ ಇಟ್ಟಿದ್ದಾರೆ ಅಂದಿದ್ದಾನೆ. ಒಂದು ದಿನ ನಾನು ಮೂಲೆಯಲ್ಲಿ ಕೂತು ಕಾಗದ ಓದಿ ಮುಚ್ಚುವಷ್ಟರಲ್ಲಿ ಭಾವ ಮೆಟ್ಟಿಲು ಹತ್ತಿ ಬಂದರು. ಹಿಂದೆ ಗಾಜಿನ ಬಾಗಿಲಿನವನು, ಅವತ್ತು ನಗು ಇರಲಿಲ್ಲ. ಬೆಳಿಗ್ಗೆಯಿಂದ ಅವನ ಅಂಗಡಿಯಲ್ಲಿ ಕೂತು ನನ್ನ ಪೆಟ್ಟಿಗೆ ತೆಗೆಯಲು ನೋಡಿದ್ದರಂತೆ.

“ಏನ್ ತಾಯೀ” ಅಂದರು ಭಾವ, ನನ್ನನ್ನ ನೋಡದೆ. ತಮ್ಮನ ಹೆಂಡತಿಯ ಮುಖ ನೋಡಿ ಮಾತಾಡುವ ಪದ್ಧತಿ ಅವರಿಗಿಲ್ಲ. “ನಮ್ಮ ಸಾಮಿ ಹೆಸರು ಹಾಕಿದರೂ ತೆಗೀತಿಲ್ಲವಂತೆ. ನಮ್ಮ ಅವ್ವನ ಹೆಸರು ಹಾಕಿಸಿದೆ. ಸತ್ತ ತಮ್ಮನ ಹೆಸರೂ ಹಾಕಿಸಿದೆ. ಏನು ಹಾಕಿದ್ದೀಯ? ಹೇಳು.”

ನಾನು ಎದ್ದು ನಿಂತೆ. “ಭಾವ, ನಿಮ್ಮ ಮುಂದೆ ಆ ಮಾತು ನನ್ನ ಬಾಯಲ್ಲಿ ಬರೂದಿಲ್ಲ.”

“ಯಾಕೆ ಬರೂದಿಲ್ಲ?”

“ಬರೂದಿಲ್ಲ ಭಾವ. ಮರ್ಯಾದೆ.”

ಅವರು ಟೀಚರ ಕಡೆ ತಿರುಗಿ ತಮಿಳಿಗೆ ಬಂದರು. “ಟೀಚರಮ್ಮಾ, ನೀನು ಓದಿದವಳು. ಹುಡುಗಿ ಯಾವ ಊರಲ್ಲಿದ್ದಾಳೆ ಅನ್ನೋದು ಒಂದೇ ನನಗೆ ಬೇಕು. ಈ ಕಟ್ಟಡದ ಯಜಮಾನ ನನ್ನ ಜೊತೆ ದ್ರಾಕ್ಷಿ ವ್ಯಾಪಾರ ಮಾಡೋನು. ನಾನು ಒಂದು ಮಾತು ಹೇಳಿದರೆ ನಾಳೆ ನಿನ್ನ ಮೆಷಿನ್ನೆಲ್ಲ ಬೀದಿಯಲ್ಲಿರ್ತವೆ.”

ಒಂಟಿ ಹೆಂಗಸು, ಆ ಮೆಷಿನ್ನು ಬಿಟ್ಟರೆ ಗತಿಯಿಲ್ಲ. ಇಲ್ಲಿಗೆ ಮುಗಿಯಿತು ಅಂದುಕೊಂಡೆ.

“ಬೀಗದ ಕೈ ನಾನು ನೋಡಿಲ್ಲ” ಅಂದಳು. “ಬೀದಿಗೆ ಹಾಕಿದರೂ ನೋಡಿಲ್ಲ. ನೋಡದೆ ಇರೋದಕ್ಕೇ ಈ ಗೋಡೆ ಇಟ್ಟುಕೊಂಡಿದ್ದೀನಿ.”

“ಸುಳ್ಳು! ಕಾಗದ ಓದಿ ಹೇಳೋಳು ನೀನೇ ಅಂತೆ. ಊರು ಯಾವುದು?”

“ನಿಮ್ಮ ಭಾಷೆ ನನಗೆ ಬರಲ್ಲ.”

ಭಾವ ಗಂಟಲು ಏರಿಸಿದರು. ಆಯಮ್ಮ ಅವರ ಮುಖವನ್ನೇ ನೋಡುತ್ತಾ ಅಡಿಕೋಲು ಎತ್ತಿದಳು. “ಎಲ್ಲಾರೂ ಹೊಡೀರಿ!”

ಹೊಡೆದರು. ಅವತ್ತಿನ ಹಾಗೆ ಯಾವತ್ತೂ ಹೊಡೆದಿರಲಿಲ್ಲ. ಭಾವನ ಬಾಯಿ ತೆರೆಯುವುದೂ ಮುಚ್ಚುವುದೂ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಊರಲ್ಲಿ ಅವರು ಕೆಮ್ಮಿದರೆ ಬೀದಿ ಸುಮ್ಮನಾಗುತ್ತದೆ. ಇಲ್ಲಿ ಹುಡುಗೀರು ತಲೆ ಎತ್ತಲಿಲ್ಲ. ಭಾವ ಬೆರಳು ತೋರಿಸಿದರು, ಕೈ ಬೀಸಿದರು. ಕಡೆಗೆ ಮೆಟ್ಟಿಲಿಳಿದು ಹೋದರು.

ಆ ಒಂದು ಮಾತನ್ನ ಭಾವ ಕಟ್ಟಡದವನಿಗೆ ಹೇಳದೆ ಬಿಡಲಿಲ್ಲ. ಆ ಪೊಂಗಲ್ ಕಳೆದ ಮೇಲೆ ಟೀಚರ್ ಮಹಡಿ ಖಾಲಿ ಮಾಡಿ ಹಿಂದಿನ ಸಂದಿಯಲ್ಲಿ ಕತ್ತಲೆ ರೂಮಿಗೆ ಹೋದಳು. ಅರ್ಧ ಮೆಷಿನ್ನಿಗೆ ಅಲ್ಲಿ ಜಾಗ ಇರಲಿಲ್ಲ. “ನನ್ನಿಂದ ತಾನೆ?” ಅಂತ ಕೇಳಿದೆ. “ಎರಡು ಬಾಯಲ್ಲಿ ಕೇಳಿದ್ಯಾ?” ಅಂದಳು. ಅದರ ಮೇಲೆ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಪೋಸ್ಟರಲ್ಲಿ ‘ನಗುಮೊಗ’ ಅಂತ ಹಾಕಿದವರು ಇದನ್ನ ಹಾಕಬಹುದಿತ್ತು.

ಆ ದಿನದ್ದು ಇನ್ನೂ ಸ್ವಲ್ಪ ಉಳಿದಿದೆ.

ಭಾವನ ತಲೆ ಮೆಟ್ಟಿಲ ಕೆಳಗೆ ಮರೆಯಾದ ಮೇಲೆ ಆಯಮ್ಮ ಅಡಿಕೋಲು ಇಳಿಸಿದಳು. ಮೆಷಿನ್ನು ನಿಂತವು. ನನ್ನ ಪಕ್ಕ ಬಂದು ಕುರ್ಚಿ ಎಳೆದು ಕೂತಳು, ಸೀರೆ ನೆರಿಗೆ ಎತ್ತಿ ಕುರ್ಚಿ ಕೆಳಗೆ ಬಗ್ಗಿ ನೋಡಿದಳು. ಆಮೇಲೆ ನಮ್ಮ ಮಾತಲ್ಲಿ, ನನ್ನ ಅತ್ತೆ ಮಾತಾಡುತ್ತಿದ್ದ ಅಷ್ಟು ಚೊಕ್ಕ ಕನ್ನಡದಲ್ಲಿ ಕೇಳಿದಳು:

“ಅಕ್ಕಾ, ಅವತ್ತಿನ ಹಾವು ಹೋಯ್ತಾ?”

ನಾನು ನನ್ನ ಕುರ್ಚಿ ಹಿಂದಕ್ಕೆ ಎಳೆದುಕೊಂಡೆ.

“ಹನುಮಂತನಪಟ್ಟಿಯಲ್ಲಿ ನಮ್ಮ ಅಜ್ಜಿ ಮನೆ. ಎಡಗಡೆ ಮನೆಯೂ ನಿಮ್ಮವರು, ಬಲಗಡೆ ಮನೆಯೂ ನಿಮ್ಮವರು” ಅಂದಳು. “ಮಗೂಗೆ ರೇಷ್ಮೆ ಬಟ್ಟೆ ಹೊಲಿಸಬೇಡ ಅಂತ ಬರೆ, ಕೆರೆತ ಬರ್ತದೆ.”

ಹಾಗಾದರೆ ಊರೂ ಗೊತ್ತು, ಕೆಲಸವೂ ಗೊತ್ತು, ಬಸುರೂ ಗೊತ್ತು. ಮೊದಲನೇ ಕಾಗದದಿಂದ ಗೊತ್ತು. ಎಲ್ಲವನ್ನೂ ಒಳಗಿಟ್ಟುಕೊಂಡು, ಮೆಷಿನ್ನು ಬೀದಿಗೆ ಹೋಗುತ್ತದೆ ಅಂದಾಗಲೂ ಭಾವನ ಮುಖ ನೋಡುತ್ತಾ ಇಲ್ಲ ಅಂದಳು. ಕಾಲು ಹಿಡಿಯಬೇಕಿತ್ತು ಅಂತ ಮೊಮ್ಮಗಳು ಹೇಳುತ್ತಾಳೆ. ನನಗೆ ಆಗ ಬಂದದ್ದು ಹೆದರಿಕೆ. ಇಷ್ಟು ದಿನ ನನಗೇ ಗೊತ್ತಾಗದ ಹಾಗೆ ಇದ್ದವಳಿಗೆ ಇನ್ನೂ ಏನೇನು ಗೊತ್ತಿದೆಯೋ. ಭಾವನನ್ನ ಬೈಯುವ ಮಾತು ನಮ್ಮ ಭಾಷೆಯ ಮಾತಲ್ಲವಾ? ಎಡಗಡೆ ಮನೆಯವರು, ಬಲಗಡೆ ಮನೆಯವರು ಅದನ್ನ ಬೈಯದೆ ಬಿಟ್ಟಿರುತ್ತಾರಾ?

ಮಾರನೇ ದಿನ ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೊರಟೆ. ನಮ್ಮ ಬೀದಿಯಲ್ಲಿ ಬಸ್ಸಿಗೆ ಹೋಗಬೇಕಾದರೆ ಭಾವನ ಮನೆ ಮುಂದೆಯೇ ಹೋಗಬೇಕು. ಆತ ಬೆಳಿಗ್ಗೆ ಜಗಲಿ ತಿಣ್ಣೆ ಮೇಲೆ ಕೂತಿರುತ್ತಾರೆ. ಮನೆ ಸೊಸೆಯಂದಿರು ಅಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟುವುದು ಪದ್ಧತಿ. ನಾನು ಹಾಕಿಕೊಂಡೇ ದಾಟಿದೆ. ತೇನಿಗೆ ಹೋಗಿ, ಟೀಚರನ್ನ ಗೋಡೆ ಕಡೆ ತಿರುಗಿಸಿ, ಪಾಸ್‌ವರ್ಡ್ ಬದಲಾಯಿಸಿದೆ.